ಪರದೇಶಿ ಓಣಿ

ಹೋದ ವಾರ ಕುಕ್ಕರಿನ ರಬ್ಬರ್ ತರಲು ಸ್ಟೇಷನ್ ರಸ್ತೆಗೆ ಹೋಗಿದ್ದೆ. ಅಂಗಡಿಯ ಪಕ್ಕದಲ್ಲಿ ಯಾರೋ ಹೊಸದಾಗಿ ತಿಂಡಿ ಗಾಡಿ ಹಚ್ಚಿದ್ದರು. ಕಡಾಯಿಯಲ್ಲಿ ಸಾಸಿವೆ ಎಣ್ಣೆ ಕಾಯುತ್ತಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತವು. ಗಾಡಿಯವನು, "ಏನ್ ಕೊಡ್ಲಿ ಅಕ್ಕಾರ?" ಅಂದ. "ಏನೂ ಬ್ಯಾಡಪಾ, ವಾಸನಿ ತಗೊಳ್ಳಾಕ ನಿಂತೇನಿ" ಅಂದೆ. ಅವನಿಗೆ ತಿಳಿಯಲಿಲ್ಲ. ಸುಮ್ಮನೆ ನಕ್ಕು ಸೌಟು ಆಡಿಸಿದ.

ನಮ್ಮ ಕಡೆ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಬಿಟ್ಟರೆ ಬೇರೆ ಎಣ್ಣೆಯಲ್ಲಿ ಒಗ್ಗರಣೆ ಬೀಳುತ್ತಿರಲಿಲ್ಲ. ಸಾಸಿವೆ ಎಣ್ಣೆ ಎಂಬುದೊಂದಿದೆ, ಅದರಲ್ಲಿ ಅಡಿಗೆ ಮಾಡಿ ಉಂಡು ಜನ ಸುಖವಾಗಿರುತ್ತಾರೆ ಎಂದು ನನಗೆ ಗೊತ್ತಾದದ್ದು ಇದೇ ಸ್ಟೇಷನ್ ರಸ್ತೆಯ ಹಿಂದಿನ ಒಂದು ಓಣಿಯಲ್ಲಿ. ಅಲ್ಲಿ ನಾನು ಇದ್ದದ್ದು ಒಂದೇ ವರ್ಷ. ಊರ ಮಂದಿ ಆ ಓಣಿಗೆ ಪರದೇಶಿ ಓಣಿ ಅನ್ನುತ್ತಿದ್ದರು. ಬೇರೆ ನಾಡಿನಿಂದ ಬಂದವರು ಇದ್ದರು ಎಂದು ಆ ಹೆಸರು. ಆದರೆ ನಮ್ಮ ಮಾತಿನಲ್ಲಿ ಪರದೇಶಿ ಅಂದರೆ ಹಿಂದಿಲ್ಲ ಮುಂದಿಲ್ಲದವರು, ಯಾರೂ ಇಲ್ಲದವರು ಎಂದೂ ಅರ್ಥ. ನಾನು ಆ ಎರಡನೆಯ ಅರ್ಥದ ಪರದೇಶಿಯಾಗಿ ಅಲ್ಲಿಗೆ ಹೋಗಿದ್ದೆ.

ಆಗ ನನಗೆ ಇಪ್ಪತ್ತೆಂಟು. ತವರು ಬಬಲೇಶ್ವರ, ಗಂಡನ ಮನೆ ತಿಕೋಟಾ. ಗಂಡನ ಮನೆಯವರಿಗೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು, ನಾಲ್ಕು ಮಂದಿ ಮಾತು ಕೇಳುವಂಥ ಮನೆತನ. ಆರು ವರ್ಷ ಬಾಳುವೆ ಮಾಡಿದೆ, ಮಕ್ಕಳಾಗಲಿಲ್ಲ. ಆ ಬೇಸಿಗೆ ಅತ್ತೆ, ಮಾವ ಸೇರಿ ಗಂಡನಿಗೆ ಇನ್ನೊಂದು ಹುಡುಗಿ ನೋಡಿ ಬಂದರು. ಅತ್ತೆ ನನ್ನ ಮುಂದೆ ಒಣದ್ರಾಕ್ಷಿ ಆರಿಸುತ್ತ ಕೂತು, "ನೀನೂ ಇರು, ಆಕಿನೂ ಇರ್ಲಿ. ಮನಿ ದೊಡ್ಡದೈತಿ. ನಿನಗೇನೂ ಕಡಿಮಿ ಮಾಡೂದಿಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಕಪಾಟು ತರುವ ಮಾತು ಆಡಿದಂತೆ ಆಡಿದರು. ನಾನು ಗಂಡನ ಮುಖ ನೋಡಿದೆ. ಆತ ಹೊರಗೆ ಬಂದ ಟ್ರ್ಯಾಕ್ಟರಿನ ಕಡೆ ನೋಡುತ್ತಿದ್ದ.

"ಆಕಿ ಇರ್ಲಿ. ನಾ ಇರೂದಿಲ್ಲ" ಅಂದು ಒಂದು ಬ್ಯಾಗು ತುಂಬಿಕೊಂಡು ಹೊರಬಿದ್ದೆ.

ತವರಿನಲ್ಲಿ ಹನ್ನೆರಡು ದಿನ ಇದ್ದೆ. ಅಣ್ಣ ಬಸವರಾಜ ಕೆಟ್ಟವನಲ್ಲ. ಆದರೆ ದಿನಾ ಊಟಕ್ಕೆ ಕೂತಾಗ, "ಹೊಂದ್ಕೊಂಡು ಹೋಗ್ಬೇಕವಾ" ಅನ್ನುವ ಮಾತು ರೊಟ್ಟಿಯ ಜೊತೆಗೇ ತಟ್ಟೆಗೆ ಬೀಳುತ್ತಿತ್ತು. ಅವನ ಹೆಂಡತಿ, ನಮ್ಮ ವೈನಿ, ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ನನ್ನ ಬ್ಯಾಗನ್ನು ಮಾತ್ರ ಬಾಗಿಲ ಹತ್ತಿರದಿಂದ ಒಳಗೆ ಸರಿಸಲಿಲ್ಲ. ಹದಿಮೂರನೆಯ ದಿನ ಮುಂಜಾನೆ ಆ ಬ್ಯಾಗು ಎತ್ತಿಕೊಂಡು ವಿಜಯಪುರದ ಬಸ್ಸು ಹತ್ತಿದೆ. ಮದುವೆಗೆ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದೆ. ಸರ್ಕಾರಿ ಕಚೇರಿಯ ಎದುರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವ ಕೆಲಸ ಅದೇ ದಿನ ಸಿಕ್ಕಿತು. ಅಂಗಡಿಯ ಮಲ್ಲಣ್ಣ ಒಂದು ಪುಟ ಹೊಡೆಸಿ ನೋಡಿ, "ತಪ್ಪಿಲ್ಲ. ನಾಳಿಂದ ಬಾರವಾ" ಅಂದ.

ಕೆಲಸ ಸಿಕ್ಕಿತು, ಖೋಲಿ ಸಿಗಲಿಲ್ಲ. ಜೋರಾಪುರ ಪೇಟೆಯಲ್ಲಿ ಏಳು ಮನೆ ಕೇಳಿದೆ. ಎಲ್ಲ ಕಡೆಯೂ ಮೊದಲು ಕುಳ್ಳಿರಿಸಿ ನೀರು ಕೊಟ್ಟರು, ಊರು ಕೇಳಿದರು, ಯಾರ ಪೈಕಿ ಎಂದು ಕೇಳಿದರು. ಆಮೇಲೆ, "ಮನಿಯವ್ರು ಏನ್ ಮಾಡ್ತಾರ್ರಿ?" ಒಬ್ಬಳೇ ಇರುತ್ತೇನೆ ಅಂದ ಕೂಡಲೇ ಖಾಲಿ ಇದ್ದ ಖೋಲಿ ತುಂಬಿಬಿಡುತ್ತಿತ್ತು. ಏಳನೆಯ ಮನೆ ವೀರಪ್ಪ ಸಾಹುಕಾರರದು. ಪೇಟೆಯ ಹಿರಿಯರು, ಕಾಳುಕಡಿಯ ವ್ಯಾಪಾರ. ಅವರು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. "ತಪ್ಪು ತಿಳ್ಕೋಬ್ಯಾಡ ತಂಗಿ. ಮಂದಿ ನಾಕು ಮಾತಾಡ್ತಾರ. ನಮ್ಮ ಮನ್ಯಾಗೂ ಹೆಣ್ಣುಮಕ್ಕಳದಾರ" ಅಂದರು.

ಅವರ ಮನೆಯ ಮೆಟ್ಟಿಲು ಇಳಿಯುವಾಗ ಅಳು ಬರಲಿಲ್ಲ. ಈ ಊರಲ್ಲೇ ಇರುತ್ತೇನೆ, ಇವರ ಕಣ್ಣ ಮುಂದೆಯೇ ಇರುತ್ತೇನೆ ಅನ್ನುವ ಹಟ ಬಂತು.

ಕೊನೆಗೆ ಪರದೇಶಿ ಓಣಿಯಲ್ಲಿ ಸಿಕ್ಕ ಖೋಲಿಯ ಮಾಲೀಕರು ಶಿವರುದ್ರಪ್ಪ ಅಂತ, ರೈಲು ಹಳಿಯ ಕೆಲಸ ಮಾಡಿ ನಿವೃತ್ತರಾದ ಮುದುಕ. ಅವರು ನನ್ನ ಊರು ಕೇಳಲಿಲ್ಲ, ಗಂಡನನ್ನು ಕೇಳಲಿಲ್ಲ. ಕೀಲಿಕೈ ಕೊಡುತ್ತ ಒಂದೇ ಮಾತು ಹೇಳಿದರು. "ಮುಂಜಾನಿ ನಳ ಬಂದಾಗ ಜಗಳ ತಗೀಬ್ಯಾಡವಾ. ಇಲ್ಲಿ ಎಲ್ಲಾರೂ ತಮ್ಮ ತಮ್ಮ ಭಾಷಾದಾಗ ಬೈತಾರ. ನನಗ ಒಂದೂ ತಿಳಿಯೂದಿಲ್ಲ, ನ್ಯಾಯ ಹೆಂಗ ಮಾಡ್ಲಿ?"

ಮೊದಲ ಭಾನುವಾರ ಓಣಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ಬಾಯಲ್ಲೇ ರಸ್ತೆಗೆ ತಾಗಿ ತಾಡಪತ್ರಿಯ ದೊಡ್ಡ ಗುಡಾರ. ಅದರೊಳಗೆ ರಾಜಸ್ಥಾನದ ಮೋತಿರಾಮ ಎಂಬ ಮುದುಕ, ಅವನ ಮಕ್ಕಳು, ಸೊಸೆ ಗಣಪತಿ ಮಾಡುತ್ತಿದ್ದರು. ಕೈಯಷ್ಟು ಗಣಪತಿಯಿಂದ ಆಳೆತ್ತರದ ಗಣಪತಿಯವರೆಗೆ ಸಾಲು ಸಾಲು, ಇನ್ನೂ ಬಣ್ಣವಿಲ್ಲ, ಕಣ್ಣಿಲ್ಲ. ಮುಂದೆ ನಾಲ್ಕು ಖೋಲಿಗಳಲ್ಲಿ ಬಿಹಾರದವರು, ಮನೆಗಳಿಗೆ ಬಣ್ಣ ಹಚ್ಚುವವರು. ಅವರ ಎದುರು ತೆಲುಗು ನಾಡಿನ ನರಸಮ್ಮ ಮತ್ತು ಅವಳ ಗಂಡ. ಬೀಸುಕಲ್ಲು, ಒಳ್ಳು ಕಡಿದು ಮಾರುತ್ತಿದ್ದರು, ಮುಂಜಾನೆಯಿಂದಲೇ ಉಳಿಯ ಸದ್ದು. ಒಂದು ಖೋಲಿಯಲ್ಲಿ ಬಂಗಾಳದ ಮೂವರು ಹುಡುಗರು ತಲೆ ಬಗ್ಗಿಸಿ ಕೂತು ಬಂಗಾರದ ಕೆಲಸ ಮಾಡುತ್ತಿದ್ದರು. ಕೊನೆಯಲ್ಲಿ ನೇಪಾಳದ ಗಂಡ ಹೆಂಡತಿ. ಮಧ್ಯಾಹ್ನವೆಲ್ಲ ಕೋಸು ಹೆಚ್ಚಿ ಸಂಜೆಗೆ ಗಾಡಿ ನೂಕಿಕೊಂಡು ಹೋಗುತ್ತಿದ್ದರು. ಕನ್ನಡದಲ್ಲಿ ಹುಟ್ಟಿ ಬೆಳೆದವಳು ಇಡೀ ಓಣಿಯಲ್ಲಿ ನಾನೊಬ್ಬಳೇ. ಶಿವರುದ್ರಪ್ಪನವರ ಮನೆ ಓಣಿಯ ಹೊರಗಿತ್ತು.

ನನ್ನ ಗೋಡೆಗೆ ಗೋಡೆ ಹಚ್ಚಿ ಇದ್ದವಳು ಫೂಲಮತಿ. ಗಂಡ ಬಣ್ಣದ ಕೆಲಸಕ್ಕೆ ಹೋಗುತ್ತಿದ್ದ, ಇವಳು ಎರಡು ಹೆಣ್ಣುಮಕ್ಕಳನ್ನು ಸಂಭಾಳಿಸುತ್ತ ಮನೆಯಲ್ಲಿರುತ್ತಿದ್ದಳು. ಮೊದಲ ಸಂಜೆ ಅವಳು ಸಾಸಿವೆ ಎಣ್ಣೆ ಕಾಯಿಸಿದಾಗ ನನಗೆ ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಾಯಿತು. ಅವಳು ಹಿಂದಿ ಕನ್ನಡ ಕಲಸಿ, "ನಿಮ್ಮ ಕುಸುಬಿ ಎಣ್ಣಿ ನನಗ ತಲಿನೋವು ಕೊಡ್ತದ. ಈಗ ಬರಾಬರ್ ಆತು" ಅಂದಳು.

ನಾಲ್ಕು ದಿನದ ಮೇಲೆ ನನ್ನ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವುದನ್ನು ಕಲಿಯತೊಡಗಿದಳು. ಅವಳ ರೊಟ್ಟಿ ಪ್ರತಿ ಸಲ ನಡುವೆ ಹರಿಯುತ್ತಿತ್ತು. ಹರಿದ ರೊಟ್ಟಿಯನ್ನು ಇಬ್ಬರೂ ತಿನ್ನುತ್ತಿದ್ದೆವು. ಒಂದು ದಿನ ಬಡಿಯುತ್ತಲೇ, "ಆದ್ಮೀ?" ಅಂದಳು. ಗಂಡ ಎಲ್ಲಿ ಎಂದು.

"ಬಿಟ್ಟು ಬಂದೇನಿ."

"ಹೊಡೀತಿದ್ದ?"

"ಇಲ್ಲ. ಇನ್ನೊಂದು ಮದಿವಿಗೆ ನಿಂತಾನ."

ಫೂಲಮತಿ ತಲೆಯಾಡಿಸಿದಳು. ಹೊಂದಿಕೊಂಡು ಹೋಗು ಅನ್ನಲಿಲ್ಲ, ಪಾಪ ಅನ್ನಲಿಲ್ಲ. ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನು ತೆಗೆದು ನನ್ನ ತಟ್ಟೆಗೆ ಹಾಕಿದಳು. ಆ ವರ್ಷ ನನಗೆ ಸಿಕ್ಕ ಮೊದಲ ನ್ಯಾಯ ಅದು ಅಂತ ಈಗಲೂ ಅನಿಸುತ್ತದೆ.

ಆಷಾಢದ ಗಾಳಿ ಬಿಟ್ಟಿತು. ವಿಜಯಪುರದ ಆಷಾಢದಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಮೋತಿರಾಮನ ತಾಡಪತ್ರಿ ಇಡೀ ದಿನ ಪಟಪಟ ಬಡಿದುಕೊಳ್ಳುತ್ತಿತ್ತು. ಮುಂಜಾನೆ ನಳದ ಮುಂದೆ ಪಾಳಿ ಹಚ್ಚುತ್ತಿದ್ದೆವು. ಒಬ್ಬಳು ಕೊಡಗಳನ್ನು ಏಕ್ ದೋ ಎಂದು ಎಣಿಸಿದರೆ ನರಸಮ್ಮ ಒಕಟಿ ರೆಂಡು ಅನ್ನುತ್ತಿದ್ದಳು. ನಾನು ಒಂದು ಎರಡು. ಎಣಿಕೆ ತಪ್ಪಿದರೆ ಜಗಳ, ಐದು ಭಾಷೆಯಲ್ಲಿ. ಒಂದು ತಿಂಗಳಲ್ಲಿ ಐದರಲ್ಲೂ ಬೈಗುಳ ಕಲಿತೆ. ಬೈಯುವಷ್ಟು ಸಲಿಗೆ ಬಂದ ಮೇಲೆ ಅವರ ಮನೆಗಳೊಳಗೆ ಹೋಗಿ ಕೂರುವುದು ಕಷ್ಟವಾಗಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮೋತಿರಾಮನ ಸೊಸೆ ಗುಲಾಬಿಯ ಕೆಲಸ. ಅವಳು ಗಣಪತಿಗೆ ಕಣ್ಣು ಬರೆಯುವವಳು. ಗಂಡಸರು ಮಣ್ಣು ತುಳಿದು, ಅಚ್ಚಿಗೆ ಹಾಕಿ, ತಿದ್ದಿ, ಬಣ್ಣ ಹಚ್ಚಿದ ಮೇಲೆ ಕೊನೆಗೆ ಇವಳು ಸಣ್ಣ ಕುಂಚ ಹಿಡಿದು ಉಸಿರು ಬಿಗಿಹಿಡಿದು ಎರಡು ಗೆರೆ ಎಳೆಯುತ್ತಿದ್ದಳು. ಆ ಕ್ಷಣದಿಂದ ಮಣ್ಣು ನಮ್ಮನ್ನು ನೋಡಲು ಶುರು ಮಾಡುತ್ತಿತ್ತು. ಇಪ್ಪತ್ತು ವರ್ಷದಿಂದ ಈ ಊರಿನ ಮನೆಮನೆಯ ಗಣಪತಿ ಇದೇ ಗುಡಾರದಿಂದ ಹೋಗುತ್ತಿತ್ತು. ನಾನೂ ಚಿಕ್ಕವಳಿದ್ದಾಗ ಬಬಲೇಶ್ವರದಲ್ಲಿ ಪೂಜೆ ಮಾಡಿದ್ದು ಇವರದೇ ಗಣಪತಿಗೆ ಇರಬಹುದು.

ಶ್ರಾವಣ ಹತ್ತಿದ ವಾರ ಮಳೆ ಜಿಟಿಜಿಟಿ ಹಿಡಿದಿತ್ತು. ಒಂದು ಮಧ್ಯಾಹ್ನ ಅಂಗಡಿಗೆ ಮೂವರು ಬಂದರು. ಮುಂದೆ ಇದ್ದವರು ವೀರಪ್ಪ ಸಾಹುಕಾರರು. ನನ್ನ ಗುರುತು ಸಿಗಲಿಲ್ಲವೋ, ಸಿಕ್ಕರೂ ಸಿಗದಂತೆ ಇದ್ದರೋ ತಿಳಿಯದು. ಕುರ್ಚಿ ಎಳೆದು ಕೂತು, "ಒಂದು ಅರ್ಜಿ ಐತಿ. ನಾ ಹೇಳ್ತೇನಿ, ನೀ ಹೊಡಿ" ಅಂದರು.

ಹೊಡೆಯತೊಡಗಿದೆ. ಮಾನ್ಯರೇ. ಸ್ಟೇಷನ್ ರಸ್ತೆಯ ಹಿಂಭಾಗದ ಓಣಿಯಲ್ಲಿ ಹೊರರಾಜ್ಯಗಳ ಅಪರಿಚಿತರು ಬೀಡು ಬಿಟ್ಟಿದ್ದು. ರಸ್ತೆಯನ್ನು ಅತಿಕ್ರಮಿಸಿ ಗುಡಾರ ಹಾಕಿದ್ದು. ಸುತ್ತಮುತ್ತ ಕಳ್ಳತನಗಳು ನಡೆಯುತ್ತಿದ್ದು. ನನ್ನ ಬೆರಳು ತಾವಾಗಿ ಓಡುತ್ತಿದ್ದವು. ದಿನಕ್ಕೆ ಇಪ್ಪತ್ತು ಅರ್ಜಿ ಹೊಡೆಯುವವಳಿಗೆ ಸಾಲಿನ ಅರ್ಥ ತಡವಾಗಿ ತಲೆಗೆ ಹೋಗುತ್ತದೆ. ಆಮೇಲೆ ಅವರು ಒಮ್ಮೆ ಕೆಮ್ಮಿ ಮುಂದಿನ ಸಾಲು ಹೇಳಿದರು.

"ಸದರಿ ಓಣಿಯಲ್ಲಿ ವಾಸಿಸುವ ಹೆಂಗಸರ ನಡತೆಯೂ ಸಂಶಯಾಸ್ಪದವಾಗಿದ್ದು."

ಬೆರಳು ನಿಂತವು.

"ಯಾವ ಹೆಂಗಸರ್ರಿ?" ಅಂದೆ.

"ಅಲ್ಲಿರೋ ಹೆಂಗಸರವಾ. ಹೊಡಿ."

"ನಾನೂ ಅಲ್ಲೇ ಇರ್ತೇನ್ರಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀರಪ್ಪ ಸಾಹುಕಾರರು ದನಿ ಇಳಿಸಿ, "ನಿನಗ ಹೇಳಿಲ್ಲ ತಂಗಿ. ನೀ ನಮ್ಮಾಕಿ" ಅಂದರು.

"ನಿಮ್ಮಾಕಿ ಆಗಿದ್ರ ನಿಮ್ಮ ಮನ್ಯಾಗ ಖೋಲಿ ಕೊಡ್ತಿದ್ರಿ" ಅಂದೆ. "ಆವತ್ತು ನನ್ನ ಕಳಿಸಿದ್ರಿ. ಇವತ್ತು ನಾ ಹೋದ ಜಾಗಾದ ಮ್ಯಾಲೆ ಅರ್ಜಿ ಬರಿಸಾಕತ್ತೀರಿ. ಎಲ್ಲಿ ಇರ್ಬೇಕ್ರಿ ನಾವು?"

ಮಲ್ಲಣ್ಣ ಹಿಂದಿನಿಂದ ಬಂದು, "ಸಾವಿತ್ರಿ, ಗಿರಾಕಿ ಅದಾರ. ಹೇಳಿದಷ್ಟು ಹೊಡಿಬೇಕು, ಅದು ನಮ್ಮ ಕೆಲಸ" ಅಂದ.

"ಬ್ಯಾರೆ ಎಲ್ಲಾ ಹೊಡಿತೇನಣ್ಣಾ. ಆ ಸಾಲು ಹೊಡಿಯೂದಿಲ್ಲ."

"ಹಂಗಂದ್ರ ಎದ್ದೇಳು."

ಎದ್ದೆ. ಮಲ್ಲಣ್ಣ ತಾನೇ ಕೂತು ಎರಡು ಬೆರಳಿನಲ್ಲಿ ಅಕ್ಷರ ಹುಡುಕುತ್ತ ಹೊಡೆಯತೊಡಗಿದ. ನಾನು ಚೀಲ ತಗೊಂಡು ಮಳೆಯಲ್ಲೇ ನಡೆದೆ. ಕೊಡೆ ಅಂಗಡಿಯಲ್ಲೇ ಉಳಿಯಿತು. ವಾಪಸು ಹೋಗಿ ತರುವುದಕ್ಕೆ ಮನಸ್ಸಾಗಲಿಲ್ಲ.

ಓಣಿಗೆ ಬಂದು ಮೋತಿರಾಮನಿಗೆ ಹೇಳಿದೆ. ಮುದುಕ ಮಣ್ಣಿನ ಕೈ ಒರೆಸಿಕೊಳ್ಳುತ್ತ ನಕ್ಕ. ಪ್ರತಿ ವರ್ಷ ಯಾರಾದರೂ ಏನಾದರೂ ಬರೆಯುತ್ತಾರೆ ಮಗಳೇ, ನಾವು ತಾಡಪತ್ರಿ ಇನ್ನಷ್ಟು ಬಿಗಿಯಾಗಿ ಕಟ್ಟುತ್ತೇವೆ ಅಂದ, ತನ್ನ ಹಿಂದಿಯಲ್ಲಿ. ಆದರೆ ಗುಲಾಬಿಯ ಮುಖ ಬಿಳಿಚಿತ್ತು. ಹಬ್ಬಕ್ಕೆ ಉಳಿದದ್ದು ಒಂದೇ ತಿಂಗಳು. ಆ ವರ್ಷ ಎಲ್ಲ ಹಸಿಮಣ್ಣಿನದೇ ಮಾಡಿದ್ದರು. ಮಳೆಯಲ್ಲಿ ಗುಡಾರ ಬಿಚ್ಚಿಸಿದರೆ ಇಡೀ ವರ್ಷದ ದುಡಿಮೆ ಗಟಾರಕ್ಕೆ ಹರಿದು ಹೋಗುತ್ತಿತ್ತು.

ಹೆಂಗಸರ ಬಗ್ಗೆ ಬರೆಸಿದ ಸಾಲನ್ನು ಫೂಲಮತಿಗೆ ಹಿಂದಿಯಲ್ಲಿ ಹೇಳಿದೆ. ಅವಳು ಮಗಳ ಜಡೆ ಹಾಕುತ್ತಿದ್ದಳು. ಹಾಕುವುದನ್ನು ಮುಗಿಸಿ, ರಿಬ್ಬನ್ ಕಟ್ಟಿ, ಮಗಳನ್ನು ಹೊರಗೆ ಕಳಿಸಿ ನನ್ನ ಮುಂದೆ ಬಂದು ಕೂತಳು. "ನಿಂಗೆ ಬರೀಲಿಕ್ಕೆ ಬರ್ತದಲ್ಲ? ನೀನೂ ಬರಿ" ಅಂದಳು.

ಬರೆದೆ. ಟೈಪ್ ಮಾಡಲು ಅಂಗಡಿ ಇರಲಿಲ್ಲ, ಉದ್ದ ಹಾಳೆಯ ಮೇಲೆ ಕೈಯಿಂದ ಬರೆದೆ. ನಾವು ಯಾರು, ಎಷ್ಟು ವರ್ಷದಿಂದ ಇದ್ದೇವೆ, ಏನು ಕೆಲಸ ಮಾಡುತ್ತೇವೆ. ಪೇಟೆಯ ಮನೆಗಳ ಗೋಡೆಗೆ ಬಣ್ಣ ಹಚ್ಚಿದವರು ನಾವು, ಅಡಿಗೆ ಮನೆಯ ಒಳ್ಳು ಕಡಿದವರು ನಾವು, ದೇವರ ಜಗುಲಿಯ ಗಣಪತಿ ಮಾಡಿದವರು ನಾವು. ಎಲ್ಲಿ ಕಳ್ಳತನವಾಗಿದೆ, ಯಾರು ದೂರು ಕೊಟ್ಟಿದ್ದಾರೆ, ದಯಮಾಡಿ ತೋರಿಸಬೇಕು. ವಿಳಾಸ ಬರೆಯುವಾಗ ಕೈ ನಿಂತಿತು. ಆ ಓಣಿಗೆ ಕಾಗದದ ಮೇಲೆ ಹೆಸರೇ ಇರಲಿಲ್ಲ. ಮಂದಿ ಬಾಯಲ್ಲಿ ಇದ್ದದ್ದು ಒಂದೇ ಹೆಸರು, ಅದೂ ಬೈಗುಳದಂಥದ್ದು. ಅದನ್ನೇ ಬರೆದೆ. ಪರದೇಶಿ ಓಣಿ, ವಿಜಯಪುರ.

ಎರಡು ದಿನ ಮನೆಮನೆ ತಿರುಗಿ ಸಹಿ ಹಾಕಿಸಿದೆ. ನರಸಮ್ಮ ಹೆಬ್ಬೆಟ್ಟು ಒತ್ತಿದಳು, ಕಲ್ಲು ಹಿಡಿದು ಸವೆದ ಬೆರಳಿನಲ್ಲಿ ಗೆರೆಯೇ ಇರಲಿಲ್ಲ, ಬರೀ ನೀಲಿ ಮಚ್ಚೆ ಬಿತ್ತು. ಬಂಗಾಳದ ಹುಡುಗರು ತಮ್ಮ ಲಿಪಿಯಲ್ಲಿ ಒಡವೆಯ ಕುಸುರಿಯಂತೆ ಬರೆದರು. ನೇಪಾಳದವನು ಮೊದಲು ಹೆದರಿದ, ಹೆಂಡತಿ ಅವನ ಕೈಯಿಂದ ಪೆನ್ನು ಕಸಿದು ತಾನು ಹಾಕಿದಳು. ಕೊನೆಯ ಸಹಿ ನನ್ನದು. ಮೂರನೆಯ ದಿನ ಹೋಗಿ ಮಲ್ಲಣ್ಣನ ಅಂಗಡಿಯ ಎದುರಿನ ಕಚೇರಿಯಲ್ಲಿ ಕೊಟ್ಟು, ತಲುಪಿದ್ದಕ್ಕೆ ಸಿಕ್ಕಾ ಹಾಕಿಸಿಕೊಂಡು ಬಂದೆ.

ಅದಾಗಿ ನಾಲ್ಕನೆಯ ದಿನ ಅಣ್ಣ ಬಂದ. ಪೇಟೆಯವರು ಬಬಲೇಶ್ವರಕ್ಕೆ ಫೋನು ಮಾಡಿ, ನಿಮ್ಮ ತಂಗಿ ಎಲ್ಲಿದ್ದಾಳೆ, ಯಾರ ಜೊತೆ ಕೂಡಿ ಏನು ಮಾಡುತ್ತಿದ್ದಾಳೆ ಎಂದು ಹೇಳಿದ್ದರಂತೆ. ಓಣಿಯ ಕೆಸರಿನಲ್ಲಿ ಚಪ್ಪಲಿ ಎತ್ತಿ ಇಡುತ್ತ ಬಂದು ನನ್ನ ಹೊಸ್ತಿಲ ಮೇಲೆ ನಿಂತ.

"ಎಂಥಾ ಮಂದ್ಯಾಗ ಇದ್ದೀಬೇ ನೀ?"

"ಕೂಡ್ರು ಅಣ್ಣಾ."

"ಕೂಡ್ರಾಕ ಬಂದಿಲ್ಲ. ಗಾಡಿ ನಿಂತೈತಿ. ಬ್ಯಾಗ್ ತುಂಬು. ತಿಕೋಟಾದವ್ರು ಈಗೂ ಹೇಳಾಕತ್ತಾರ, ನಿನಗೊಂದು ಬ್ಯಾರೆ ಖೋಲಿ ಕಟ್ಟಿಸಿ ಕೊಡ್ತಾರಂತ."

"ನನಗ ಖೋಲಿ ಐತಿ. ನಿಂತೀಯಲ್ಲ, ಇದ ಖೋಲಿ."

"ಮನಿತನದ ಮರ್ಯಾದಿ ಅಂತ ಒಂದಿರ್ತದ ಸಾವಿ."

"ಹನ್ನೆರಡು ದಿನ ಮನ್ಯಾಗ ಇದ್ದೆ. ಆಗ ಮರ್ಯಾದಿ ಎಲ್ಲಿತ್ತು ಅಣ್ಣಾ? ನನ್ನ ಬ್ಯಾಗು ಬಾಗಿಲದಾಗ ಇತ್ತು."

ಅಷ್ಟರಲ್ಲಿ ಫೂಲಮತಿ ಎರಡು ಗ್ಲಾಸು ಚಹಾ ತಂದು ನಡುವೆ ಇಟ್ಟಳು. ಅಣ್ಣ ಗ್ಲಾಸಿನ ಕಡೆ ನೋಡಿದ, ಮುಟ್ಟಲಿಲ್ಲ. ನಾನು ನನ್ನ ಗ್ಲಾಸು ಎತ್ತಿ ಕುಡಿದೆ. ಆಮೇಲೆ ಅವನದನ್ನೂ ಎತ್ತಿ, ಅವನನ್ನೇ ನೋಡುತ್ತ, ಕೊನೆಯ ಗುಟುಕಿನವರೆಗೆ ಕುಡಿದೆ. ಬಿಸಿ ಗಂಟಲು ಸುಟ್ಟಿತು. ಸುಟ್ಟರೂ ಬಿಡಲಿಲ್ಲ.

ಅಣ್ಣನ ಮುಖ ಕೆಂಪಾಗಿ, ಆಮೇಲೆ ಸಣ್ಣದಾಯಿತು. ಹೋಗುವಾಗ, "ಅವ್ವ ಕೇಳ್ತಾಳ. ಏನಂತ ಹೇಳ್ಲಿ?" ಅಂದ.

"ಬರವಣಿಗಿ ಕೆಲಸ ಮಾಡ್ತಾಳ, ಅಡಿಗಿ ಮಾಡ್ಕೊಂಡು ಉಣ್ತಾಳ ಅಂತ ಹೇಳು."

ಅದು ಪೂರ್ತಿ ನಿಜವಾಗಿರಲಿಲ್ಲ. ಕೆಲಸ ಹೋಗಿ ವಾರವಾಗಿತ್ತು. ಆ ವಾರ ಪೂರ್ತಿ ನಾನು ಉಂಡದ್ದು ಫೂಲಮತಿಯ ಮನೆಯಲ್ಲಿ, ಸಾಸಿವೆ ಎಣ್ಣೆಯ ಪಲ್ಯ ಹಚ್ಚಿಕೊಂಡು. ಅವಳ ಒಲೆಯ ಹೊಗೆಗೆ ಈಗ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ.

ಕಚೇರಿಯ ಅಧಿಕಾರಿ ಸ್ಥಳ ನೋಡಲು ಬಂದ ದಿನ ಮಳೆ ಜೋರಾಗಿತ್ತು. ಕೈಯಲ್ಲಿ ಎರಡೂ ಅರ್ಜಿ. ಹಿಂದೆ ಕೊಡೆ ಹಿಡಿದು ಪೇಟೆಯವರು. ಓಣಿಯ ಮಂದಿ ಬಾಗಿಲುಗಳಲ್ಲಿ ನಿಂತಿದ್ದರು, ಯಾರೂ ಮುಂದೆ ಬರಲಿಲ್ಲ. ಹೊರಗಿನಿಂದ ಬಂದವರಿಗೆ ಅಧಿಕಾರಿಯೆಂದರೆ ಎಷ್ಟು ಅಂಜಿಕೆ ಎಂದು ನನಗೆ ಆವತ್ತು ಗೊತ್ತಾಯಿತು. ಅಧಿಕಾರಿ ಕೈಬರಹದ ಹಾಳೆ ಮೇಲೆತ್ತಿ, "ಇದು ಯಾರು ಬರದದ್ದು?" ಅಂದರು.

"ನಾನ್ರಿ."

"ನೀವು ಯಾವ ಕಡೆಯವರಮ್ಮಾ?"

"ಬಬಲೇಶ್ವರದಾಕಿ. ಈಗ ಈ ಓಣ್ಯಾಕಿ."

ಅವರು ಪೇಟೆಯವರ ಕಡೆ ತಿರುಗಿದರು. "ಕಳ್ಳತನ ಅಂತ ಬರದೀರಿ. ಪೊಲೀಸ್ ದೂರಿನ ನಕಲು ಐತೇನು?"

ವೀರಪ್ಪ ಸಾಹುಕಾರರು, "ಎಲ್ಲಾರಿಗೂ ಗೊತ್ತಿರೋ ವಿಷಯರಿ" ಅಂದರು.

"ಕಾಗದ ಐತೇನು ಅಂತ ಕೇಳಿದೆ."

ಕಾಗದ ಇರಲಿಲ್ಲ. ನನಗೆ ಬಾಯಿ ಬಂತು. "ಸಾಹೇಬ್ರ, ಹೆಂಗಸರ ಬಗ್ಗೆ ಒಂದು ಸಾಲು ಐತಿ ಅದರಾಗ. ಅದಕ್ಕ ಏನು ಪುರಾವೆ ಐತಿ ಅಂತ ಅದನ್ನೂ ಕೇಳ್ರಿ. ನಾವೆಲ್ಲಾರೂ ಇಲ್ಲೇ ನಿಂತೇವಿ. ನಮ್ಮ ಮುಖಾ ನೋಡಿ ಹೇಳ್ಲಿ."

ಬಾಗಿಲಿನಿಂದ ಫೂಲಮತಿ ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತಳು. ನರಸಮ್ಮ ಉಳಿ ಕೈಯಲ್ಲಿ ಹಿಡಿದೇ ಬಂದಳು. ಗುಲಾಬಿ ತಲೆಯ ಸೆರಗು ಸರಿಮಾಡಿಕೊಂಡು ಬಂದಳು. ನೇಪಾಳದವಳು ಕೊನೆಗೆ ಬಂದಳು. ಮಳೆ ಬೀಳುತ್ತಿತ್ತು, ಯಾರೂ ಕೊಡೆ ಹಿಡಿದಿರಲಿಲ್ಲ. ವೀರಪ್ಪ ಸಾಹುಕಾರರು ನಮ್ಮನ್ನು ನೋಡಲಿಲ್ಲ. ಅಧಿಕಾರಿಯ ಕೈಯಲ್ಲಿದ್ದ ಹಾಳೆಯ ಕಡೆ ನೋಡುತ್ತ, "ಆ ಸಾಲು ತಗೀರಿ" ಅಂದರು.

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಮಳೆಹನಿ ಬಿದ್ದು ಶಾಯಿ ಹರಡಿತು. ಅಷ್ಟೇ. ಆದರೂ ಆ ಗೆರೆಯನ್ನು ನಾನು ಕಣ್ಣಾರೆ ನೋಡಿದೆ.

ನಾವು ಪೂರ್ತಿ ಗೆಲ್ಲಲಿಲ್ಲ. ಗುಡಾರ ರಸ್ತೆಯ ಮೇಲೆ ಬಂದದ್ದು ಖರೆ. ಎರಡು ದಿನದಲ್ಲಿ ತೆಗೆಯಬೇಕು ಅಂದರು ಅಧಿಕಾರಿ. ಮೋತಿರಾಮ ಕೈ ಮುಗಿದು ನಿಂತ. ಆಗ ಶಿವರುದ್ರಪ್ಪ ಮುಂದೆ ಬಂದರು. ಓಣಿಯ ಹಿಂದೆ ಅವರದೊಂದು ಖಾಲಿ ಜಾಗ ಇತ್ತು, ಜಾಲಿ ಬೆಳೆದು ಹಾಳು ಬಿದ್ದದ್ದು. "ಅಲ್ಲಿ ಹಾಕ್ಕೋಳ್ರಿ. ನನ್ನ ಜಾಗಾದಾಗ ಯಾರು ಏನ್ ಅಂತಾರ ನೋಡೂಣು" ಅಂದರು.

ಮರುದಿನ ಮುಂಜಾನೆ ಗಂಡಸರು ಯಾರೂ ಕೆಲಸಕ್ಕೆ ಹೋಗಲಿಲ್ಲ. ಬಂಗಾಳದ ಹುಡುಗರು ಜಾಲಿ ಕಡಿದರು. ಸೂಜಿಯಂಥ ಕೆಲಸ ಮಾಡುವ ಆ ಬೆರಳುಗಳಿಗೆ ಮುಳ್ಳು ಚುಚ್ಚಿ ರಕ್ತ ಬಂತು. ಬಣ್ಣದವರು ತಮ್ಮ ಬಿದಿರಿನ ಏಣಿಗಳನ್ನೇ ಕಂಬ ಮಾಡಿ ತಾಡಪತ್ರಿ ಎತ್ತಿದರು. ಮಳೆ ನಿಲ್ಲಲಿಲ್ಲ. ಗುಡಾರದಿಂದ ಹೊಸ ಜಾಗದವರೆಗೆ ನಾವೆಲ್ಲ ಸಾಲಾಗಿ ನಿಂತು ಗಣಪತಿಗಳನ್ನು ಕೈಯಿಂದ ಕೈಗೆ ದಾಟಿಸಿದೆವು, ಒಬ್ಬೊಬ್ಬ ಗಣಪತಿಗೂ ಒಂದೊಂದು ಪ್ಲಾಸ್ಟಿಕ್ ಚೀಲದ ಟೊಪ್ಪಿಗೆ. ನನಗೆ ಕೊಡುವವಳು ನರಸಮ್ಮ, ನನ್ನಿಂದ ತಗೊಳ್ಳುವವಳು ಫೂಲಮತಿ. "ಮೆಲ್ಲಗ" ಅನ್ನುವುದನ್ನು ಎಲ್ಲರೂ ತಮ್ಮ ಮಾತಿನಲ್ಲಿ ಅನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತೋಳು ಎತ್ತಲು ಬಾರದಷ್ಟು ಸೋತಿದ್ದವು. ಹನ್ನೊಂದು ಗಣಪತಿ ಕರಗಿ ಮಣ್ಣಾದವು. ಉಳಿದವೆಲ್ಲ ಉಳಿದವು. ಆಳೆತ್ತರದ ಕೊನೆಯ ಮೂರ್ತಿಯನ್ನು ಎಂಟು ಜನ ಎತ್ತಿ ತಂದು ಇಳಿಸಿದಾಗ ಮೋತಿರಾಮ ಅದರ ಪಾದದ ಹತ್ತಿರ ಕೆಸರಿನಲ್ಲೇ ಕೂತುಬಿಟ್ಟ. ಗುಲಾಬಿ ಅವನಿಗೆ ನೀರು ಕೊಟ್ಟು, ಕೈ ತೊಳೆದುಕೊಂಡು, ಕುಂಚ ತೆಗೆದಳು.

ಹಬ್ಬದ ಮುಂಚಿನ ದಿನ ಪೇಟೆಯವರೆಲ್ಲ ಅಲ್ಲಿಗೇ ಬಂದರು. ಬೇರೆಲ್ಲಿಗೆ ಹೋಗುತ್ತಾರೆ? ವೀರಪ್ಪ ಸಾಹುಕಾರರೂ ಮೊಮ್ಮಗಳ ಕೈ ಹಿಡಿದು ಬಂದು, ಮೊಮ್ಮಗಳು ಬೆರಳು ಮಾಡಿದ ಗಣಪತಿಯನ್ನು ತಗೊಂಡರು. ನಾನು ಅಲ್ಲೇ ಇದ್ದೆ. "ಕಣ್ಣು ಚಲೋ ಬರದಾರ" ಅಂದರು ನನ್ನ ಕಡೆ ನೋಡದೆ. "ಗುಲಾಬಿ ಬರದದ್ದರಿ. ಈ ಓಣಿ ಹೆಂಗಸು" ಅಂದೆ. ಅವರು ಗಣಪತಿಗೆ ಟಾವೆಲ್ ಹೊದಿಸಿಕೊಂಡು ಹೋದರು.

ಮಲ್ಲಣ್ಣ ಅಷ್ಟೊತ್ತಿಗೆ ನನ್ನನ್ನು ವಾಪಸು ಕರೆದಿದ್ದ. ಅವನ ಎರಡು ಬೆರಳಿನ ಟೈಪಿಂಗ್ ನೋಡಿ ಗಿರಾಕಿಗಳು ಪಕ್ಕದ ಅಂಗಡಿ ಹಿಡಿದಿದ್ದರು. ನಾನು ಒಂದು ಕರಾರು ಹಾಕಿದೆ: ಬೇಡವೆನಿಸಿದ ಸಾಲನ್ನು ಹೊಡೆಯುವುದಿಲ್ಲ. "ಆತು ತಾಯಿ" ಅಂದ. ಈಗ ನನ್ನದೇ ಅಂಗಡಿ ಇದೆ, ಮೂವರು ಹುಡುಗಿಯರು ಕೆಲಸಕ್ಕಿದ್ದಾರೆ, ಅವರಿಗೂ ಅದೇ ಕರಾರು.

ಮುಂದಿನ ಬೇಸಿಗೆಗೆ ಫೂಲಮತಿಯ ಗಂಡನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಅವರು ಹೋದರು. ಒಂದೆರಡು ವರ್ಷ ಫೋನು ಬರುತ್ತಿತ್ತು, ಆಮೇಲೆ ಆ ನಂಬರು ಹೋಯಿತು. ಮೋತಿರಾಮ ತೀರಿಕೊಂಡ. ಗುಲಾಬಿ ಮತ್ತು ಅವಳ ಗಂಡ ಈಗ ಇಟ್ಟಂಗಿಹಾಳದ ಕಡೆ ದೊಡ್ಡ ಶೆಡ್ಡು ಹಾಕಿದ್ದಾರೆ. ಓಣಿಯ ಖೋಲಿಗಳು ಬಿದ್ದು ಅಲ್ಲೊಂದು ಎರಡಂತಸ್ತಿನ ಕಟ್ಟಡ ಎದ್ದಿದೆ. ಅವರೆಲ್ಲ ನನಗೆ ಯಾರಾಗಿದ್ದರು ಎಂದು ಯಾರಾದರೂ ಕೇಳಿದರೆ ನಾನು ಆ ವರ್ಷದ ಕೊನೆಗೆ ನಡೆದ ಒಂದು ಮಾತು ಹೇಳುತ್ತೇನೆ.

ಚಳಿಗಾಲದಲ್ಲಿ ತಿಕೋಟಾದವರು ಸೋಡಚೀಟಿಗೆ, ಅಂದರೆ ವಿಚ್ಛೇದನಕ್ಕೆ, ಒಪ್ಪಿದರು. ಹೊಸ ಹುಡುಗಿಯ ತವರಿನವರು, ಮೊದಲಿನಾಕಿಯ ಸಂಬಂಧ ಕಾಯ್ದೆಯಿಂದ ಕಡಿದ ಮೇಲೆಯೇ ಮದುವೆ ಅಂದಿದ್ದರಂತೆ. ವಕೀಲರು ನನ್ನ ವಿಳಾಸ ನೋಡಿ, "ಅಣ್ಣನ ಮನಿ ವಿಳಾಸ ಹಾಕೋಣೇನ್ರಿ? ಅದು ಚಲೋ ಕಾಣ್ತದ" ಅಂದರು. ಬೇಡ ಅಂದೆ. ಕೋರ್ಟಿಗೆ ಹೋಗುವ ಮುಂಜಾನೆ ಒಬ್ಬಳೇ ಹೊರಟಿದ್ದೆ. ಓಣಿಯ ಬಾಯಿಗೆ ಬಂದರೆ ಫೂಲಮತಿ, ನರಸಮ್ಮ, ಗುಲಾಬಿ, ನೇಪಾಳದವಳು ಟ್ರಂಕಿನಿಂದ ತೆಗೆದ ಸೀರೆ ಉಟ್ಟು ನಿಂತಿದ್ದರು. ಒಂದೇ ಆಟೋದಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋದೆವು.

ಕೋರ್ಟಿನ ಪಡಸಾಲೆಯಲ್ಲಿ ಅತ್ತೆ, ಮಾವ, ಗಂಡ, ಅವರ ಪೈಕಿ ಹತ್ತು ಜನ. ನನ್ನ ಕಡೆಯಿಂದ ಯಾರೂ ಬರುವುದಿಲ್ಲ ಅಂದುಕೊಂಡಿದ್ದರು, ಅಣ್ಣ ಬಂದಿರಲಿಲ್ಲ. ಅತ್ತೆ ನಮ್ಮ ಗುಂಪನ್ನು ಮೇಲಿಂದ ಕೆಳಗೆ ನೋಡಿದರು. ಗುಲಾಬಿಯ ಕೈತುಂಬ ಬಳೆ, ನರಸಮ್ಮನ ಮೂಗಿನ ದೊಡ್ಡ ನತ್ತು, ಫೂಲಮತಿಯ ಬೈತಲೆಯ ಉದ್ದ ಸಿಂಧೂರ.

"ಯಾರಬೇ ಇವ್ರೆಲ್ಲಾ?" ಅಂದರು.

ಉತ್ತರವನ್ನು ನಾನು ಹುಡುಕಲಿಲ್ಲ. "ನನ್ನ ತವರಿನವ್ರ್ರಿ" ಅಂದೆ.

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಹೆಸರು, ಅದರ ಹಿಂದೆ ವಿಳಾಸ, ಪಡಸಾಲೆ ಪೂರ್ತಿ ಕೇಳುವಂತೆ: ಸಾವಿತ್ರಿ, ಪರದೇಶಿ ಓಣಿ. ನಾವು ಐವರೂ ಎದ್ದು ನಿಂತೆವು.